ಆತು ಜೋಡಿ

ಆ ಮನೆಯಲ್ಲಿ ಕೋಳಿಗಿಂತ ಮೊದಲು ಏಳುತ್ತಿದ್ದುದು ಸಂಗಪ್ಪನ ಬೆರಳು. ಹೊರಸಿನ ಮೇಲೆ ಮಲಗಿದಲ್ಲಿಂದಲೇ ಕೈಯನ್ನು ತಲೆಯ ಹಿಂದಕ್ಕೆ ಚಾಚಿ ಗೋಡೆಗೆ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದ. ಟಕ್, ಟಕ್. ಆಮೇಲೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಗೋಡೆಯ ಆಚೆ ದನದ ಕೊಟ್ಟಿಗೆ. ಅಲ್ಲಿ ಎಮ್ಮೆಯೊಂದು ಸೀನಿ ಮತ್ತೆ ಮೆಲುಕು ಹಾಕಲು ಶುರುಮಾಡುತ್ತಿತ್ತು, ಅಷ್ಟೇ.

ಕೆಳಗೆ ಚಾಪೆಯ ಮೇಲೆ ಮಲಗಿದ ಸಾವಿತ್ರೆವ್ವನಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಗಂಡ ಹಾಸಿಗೆ ಹಿಡಿದ ಮೇಲೆ ಎರಡೂ ಹೋಗಿ, ಆ ಸದ್ದು ಕೇಳಿದರೆ ಎದ್ದು ಕುಳಿತುಬಿಡುತ್ತಿದ್ದಳು.

"ಏನ್ರಿ, ಅಲ್ಲಿ ಎಮ್ಮಿ ಐತ್ರಿ. ಭರಮಣ್ಣ ಇಲ್ಲ."

"ಗೊತ್ತೈತಿ ಬಿಡ," ಎನ್ನುತ್ತಿದ್ದ ಸಂಗಪ್ಪ. "ಕೈಗೆ ಗೊತ್ತಿಲ್ಲ, ಏನ ಮಾಡ್ಲಿ."

ಈ ಮನೆ ಮುರಗೋಡದಿಂದ ಸವದತ್ತಿಯ ಕಡೆಗೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವಿನ ಒಂದು ಹಳ್ಳಿಯಲ್ಲಿತ್ತು. ಸಂಗಪ್ಪನ ತಮ್ಮ ಸತ್ಯಪ್ಪನ ಮನೆ. ಅಪ್ಪನ ಕಾಲದ್ದೇ ಆದ್ದರಿಂದ ಸಂಗಪ್ಪನದೂ ಹೌದು ಎಂದು ಊರವರು ಹೇಳುತ್ತಿದ್ದರು. ಆದರೆ ಹರೆಯದಲ್ಲಿ ರೈಲಿನ ಕೆಲಸಕ್ಕೆ ಹೋದವನು ತಲೆ ಬೆಳ್ಳಗಾದ ಮೇಲೆ ಹೆಂಡತಿ, ಒಂದು ಟ್ರಂಕು, ಎರಡು ಕೊಡ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರೆ, ಅದು ಯಾರ ಮನೆ ಎಂಬುದು ಬಂದವನಿಗೆ ಗೊತ್ತೇ ಇರುತ್ತದೆ. ಸತ್ಯಪ್ಪ ಒಳ್ಳೆಯವನೇ. ಅವನ ಹೆಂಡತಿ ಶೆಟ್ಟೆವ್ವನೂ ಮಾತಿನಲ್ಲಿ ಕೊಂಕು ಇಟ್ಟವಳಲ್ಲ. ಆದರೂ ಸಾವಿತ್ರೆವ್ವ ಆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಮುಟ್ಟುವಾಗಲೂ ಒಮ್ಮೆ ಹಿಂದೆ ನೋಡುತ್ತಿದ್ದಳು.

ಅವಳ ಮನೆ ಎಂದರೆ ಗ್ಯಾಂಗ್ ಚಾಳ. ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ಸಣ್ಣ ಹಳಿಯ ಮಗ್ಗುಲಲ್ಲಿ, ಯಾವ ಊರಿಗೂ ಸೇರದ ಜಾಗದಲ್ಲಿ, ಕಲ್ಲಿನ ಗೋಡೆ ಮಂಗಳೂರು ಹಂಚಿನ ಒಂದು ಸಾಲು ಕೋಣೆಗಳು. ಒಬ್ಬೊಬ್ಬರಿಗೆ ಒಂದು ಕೋಣೆ, ಹಿಂದೊಂದು ಒಲೆ ಹೂಡುವಷ್ಟು ಜಾಗ. ತುದಿಯ ಕೋಣೆ ಸ್ವಲ್ಪ ದೊಡ್ಡದು, ಅದು ಮೇಟಿ ರಾಮಲಿಂಗಪ್ಪನದು. ಮೇಟಿ ಎಂದರೆ ಗ್ಯಾಂಗಿನ ಯಜಮಾನ; ಅವನ ಕಿವಿಗೆ ಬೀಳದೆ ಆ ಚಾಳದಲ್ಲಿ ಹಾಲು ಕೂಡ ಉಕ್ಕುತ್ತಿರಲಿಲ್ಲ. ಅವನ ಕೆಳಗೆ ಕೀಮನ್. ಅವನು ದಿನಾ ಬೆಳಗ್ಗೆ ಸುತ್ತಿಗೆ ಹಿಡಿದು ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲಾದದ್ದನ್ನು ಬಡಿದು ಬರುವವನು. ಉಳಿದವರೆಲ್ಲ ಗ್ಯಾಂಗಮನ್‌ಗಳು. ಹೊತ್ತು ಹುಟ್ಟುವ ಮೊದಲೇ ಹಾಜರಿ. ಹೊರಗಿನ ಸುದ್ದಿ ಬರಬೇಕಾದರೆ ಪ್ಯಾಸೆಂಜರ್ ಗಾಡಿಯ ಗಾರ್ಡು ಬರಬೇಕು. ಯಾರ ಊರಲ್ಲಿ ಯಾರು ಹುಟ್ಟಿದರು, ಯಾರು ಹೋದರು ಎಂಬುದನ್ನೆಲ್ಲ ಅವನು ಹಿಂದಿನ ಡಬ್ಬಿಯ ಬಾಗಿಲಲ್ಲಿ ನಿಂತು, ಗಾಡಿ ಓಡುತ್ತಿದ್ದಂತೆಯೇ ಕೂಗಿ ಹೇಳುತ್ತಿದ್ದ. ಅರ್ಧ ಸುದ್ದಿ ಗಾಳಿಗೆ ಹೋಗುತ್ತಿತ್ತು. ಉಳಿದರ್ಧಕ್ಕೆ ಹೆಂಗಸರು ಅಳುವುದೋ ನಗುವುದೋ ತಿಳಿಯದೆ ನಿಲ್ಲುತ್ತಿದ್ದರು.

ಗ್ಯಾಂಗಿನ ಕೆಲಸವೆಲ್ಲ ಜೋಡಿಯ ಕೆಲಸ. ಹಳಿಯ ಕೆಳಗಿನ ಅಡ್ಡದಿಮ್ಮಿ, ಅಂದರೆ ಸ್ಲೀಪರ್, ಕುಸಿದರೆ ಅದನ್ನು ಎತ್ತಿ, ಅಡಿಗೆ ಖಡಿಕಲ್ಲು ತುಂಬಿ, ಬೀಟರಿನಿಂದ ಕುಟ್ಟಬೇಕು. ಬೀಟರ್ ಎಂದರೆ ಗುದ್ದಲಿಯಂತೆ ಕಾವು, ಆದರೆ ಬಾಯಿ ಮೊಂಡು. ಆಚೆ ಒಬ್ಬ, ಈಚೆ ಒಬ್ಬ ನಿಂತು ಎದುರುಬದುರಾಗಿ ಕುಟ್ಟಬೇಕು. ಒಬ್ಬನೇ ಕುಟ್ಟಿದರೆ ಕಲ್ಲು ಇನ್ನೊಂದು ಬದಿಗೆ ಸರಿದುಹೋಗಿ ನಡುವೆ ಪೊಳ್ಳು ಉಳಿಯುತ್ತದೆ. ಹಾಗಾಗಿ ಮೇಟಿ ಹೊಸಬನಿಗೆ ಮೊದಲು ಕೊಡುತ್ತಿದ್ದುದು ಬೀಟರನ್ನಲ್ಲ, ಜೋಡಿಯನ್ನು. ಸಂಗಪ್ಪನಿಗೆ ಭರಮಪ್ಪ ಜೋಡಿಯಾದ. ಆವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಜೋಡಿ ಎಂದರೇ ಹೊರತು ಹೆಸರು ಹಿಡಿದು ಕರೆದದ್ದೇ ಇಲ್ಲ.

ಆ ಗ್ಯಾಂಗಿನಲ್ಲಿ ಒಂದು ಕಟ್ಟಳೆಯಿತ್ತು. ಎಡಗಡೆ ನಿಂತವನು ಹಾರೆಯಿಂದ ಸ್ಲೀಪರನ್ನು ಬಡಿದು ಸದ್ದು ಕೇಳಿ, ಗಟ್ಟಿಯಾಗಿದೆ ಅನ್ನಿಸಿದರೆ "ಆತು ಜೋಡಿ" ಎನ್ನಬೇಕು. ಅಲ್ಲಿಯವರೆಗೆ ಬಲಗಡೆಯವನು ಕೈ ನಿಲ್ಲಿಸುವಂತಿಲ್ಲ, ರಟ್ಟೆ ಬಿದ್ದುಹೋಗಲಿ ಬೇಕಾದರೆ. ಎಡಗಡೆ ಯಾವಾಗಲೂ ಸಂಗಪ್ಪ. ಒಮ್ಮೆ ಅವನು ಕುರಿ ಕಾಯುವವನೊಬ್ಬನ ಜೊತೆ ಹರಟೆಗೆ ಬಿದ್ದು ಹೇಳುವುದನ್ನೇ ಮರೆತ. ಉಳಿದವರು ಬುತ್ತಿ ಬಿಚ್ಚಿ ಕುಳಿತರೂ ಭರಮಪ್ಪ ಮಾತ್ರ ಬೆವರು ಸುರಿಸುತ್ತ ಕುಟ್ಟುತ್ತಲೇ ಇದ್ದ. ರಾಮಲಿಂಗಪ್ಪ ನಗುತ್ತ, "ಸಾಕ ಮಾಡೋ, ಹಳಿ ಪಾತಾಳಕ್ಕ ಇಳದೀತು," ಎಂದರೆ, "ಅಂವ ಹೇಳ್ಲಿಲ್ಲಲ್ರಿ," ಎಂದನಂತೆ. ಈ ಕತೆಯನ್ನು ಚಾಳದಲ್ಲಿ ಎಷ್ಟು ಸಲ ಹೇಳಿದರೂ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಬ್ಬರ ಕೋಣೆಗಳ ನಡುವೆ ಒಂದೇ ಗೋಡೆ. ಆ ಗೋಡೆಯ ಈಚೆ ಸಾವಿತ್ರೆವ್ವನ ದೇವರ ಮಾಡು, ಆಚೆ ಭರಮಪ್ಪನ ಹೆಂಡತಿ ತಾಯವ್ವ ತೂಗುಹಾಕಿದ ಬುದ್ಧನ ಪಟ. ಬೆಳಗಿನ ಜಾವ ಸಂಗಪ್ಪ ಎರಡು ಸಲ ಬಡಿದರೆ ಆಚೆಯಿಂದ ಭರಮಪ್ಪ ಒಂದು ಸಲ ಬಡಿಯುತ್ತಿದ್ದ. ಎದ್ದೆಯಾ, ಎದ್ದೆ ಎಂದು ಅದರ ಅರ್ಥ. ಅಷ್ಟಾದ ಮೇಲೆ ಚಾಳದ ದಿನ ಶುರು.

ಸಾವಿತ್ರೆವ್ವ ಹೊಸದಾಗಿ ಬಂದಾಗ ಹೀಗಿರಲಿಲ್ಲ. ಪಕ್ಕದವರು ಕೇರಿಯವರು ಎಂದು ತಿಳಿದ ದಿನ ಅವಳು ತನ್ನ ಕೊಡವನ್ನು ಬೇರೆ ಇಟ್ಟಳು. ಚಾಳಕ್ಕೆ ಇದ್ದದ್ದು ಒಂದೇ ಬಾವಿ. "ಒಂದ ಬಾವಿ, ಒಂದ ಹಗ್ಗ. ಒಲ್ಲದವರು ಹಳ್ಳಕ್ಕ ಹೋಗಬಹುದು," ಎಂದ ಮೇಟಿ. ಅವಳೂ ಹಟದವಳು, ಕೆಲವು ತಿಂಗಳು ಹಳ್ಳಕ್ಕೇ ಹೋದಳು. ಆಮೇಲೆ ಮಳೆಗಾಲ ಬಂತು. ಹಳಿ ಕೊಚ್ಚಿಹೋಗಿ ಗಂಡಸರೆಲ್ಲ ಅಲ್ಲಿಗೆ ಓಡಿದ್ದಾಗ ಸಾವಿತ್ರೆವ್ವನಿಗೆ ಹೆರಿಗೆ ನೋವು ಬಂತು. ಗೋಡೆ ಬಡಿದದ್ದು ಆವತ್ತು ಅವಳು. ತಾಯವ್ವ ಕೇಳದೇ ಒಳಗೆ ಬಂದಳು. ಹೊಕ್ಕಳು ಕೊಯ್ದವಳೂ ಅವಳೇ, ನೀರು ಕಾಯಿಸಿದವಳೂ ಅವಳೇ.

ಗಂಡುಮಗು. ವಾರ ತುಂಬುವ ಮೊದಲೇ ತಣ್ಣಗಾಯಿತು.

ಸುತ್ತ ಕುರುಚಲು ಕಾಡು, ನರಿಗಳ ಕಾಟ. ಚಾಳದ ಹಿಂದೆ ಗುಂಡಿ ತೋಡಿ ಕೂಸನ್ನು ಮಲಗಿಸಿದ ಮೇಲೆ ಸಂಗಪ್ಪ ಎಡಗಡೆ, ಭರಮಪ್ಪ ಬಲಗಡೆ ನಿಂತು ಬೀಟರ್ ಎತ್ತಿದರು. ಅಷ್ಟು ಸಣ್ಣ ಜಾಗಕ್ಕೆ ಅಷ್ಟು ದೊಡ್ಡ ಗಂಡಸರು ಇಬ್ಬರು. ಸಾವಿತ್ರೆವ್ವ ಬಾಗಿಲಿಗೆ ಒರಗಿ ಕುಳಿತು ನೋಡಿದಳು. ಸಂಗಪ್ಪ "ಆತು ಜೋಡಿ" ಎಂದು ಹೇಳುವ ಮೊದಲು ಬಹಳ ಹೊತ್ತು ತಡೆದ. ಆಮೇಲೆ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡು ಹೇಳಿದ, "ನನ್ನ ಮ್ಯಾಲಿನ ಮಣ್ಣೂ ನೀನ ಕುಟ್ಟಬೇಕ ಜೋಡಿ. ಮಾತ ಕೊಡು."

"ನಾ ಮೊದಲ ಹ್ವಾದರ?"

"ಆಗ ನಾ ಕುಟ್ಟತೇನಿ."

"ಒಬ್ಬನ ಕುಟ್ಟಿದರ ಪೊಳ್ಳ ಉಳಿತೈತಲ್ಲೋ."

"ಎದುರಿಗೆ ಯಾರರ ನಿಂದರತಾರ ತಗೊ," ಎಂದ ಸಂಗಪ್ಪ. ಭರಮಪ್ಪ ಕೈಮೇಲೆ ಕೈಯಿಟ್ಟ.

ಆ ಸಂಜೆ ತಾಯವ್ವ ಅಂಬಲಿ ಮಾಡಿ ತಂದು ಅವಳ ಬಾಯಿಗೆ ಹಿಡಿದಳು. ಅದನ್ನು ಕುಡಿದ ಮೇಲೆ ಬೇರೆ ಕೊಡ ಇಡುವುದಕ್ಕೆ ಸಾವಿತ್ರೆವ್ವನಿಗೆ ನಾಚಿಕೆಯಾಯಿತು. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ. ತಾಯವ್ವನ ಮಕ್ಕಳು ಎರಡೂ ಕೋಣೆಯಲ್ಲಿ ಉಂಡು, ನಿದ್ದೆ ಬಂದ ಕಡೆ ಮಲಗಿ ಬೆಳೆದವು.

ಹೀಗೆ ಒಂದು ಆಯುಷ್ಯ ಕಳೆಯಿತು ಎಂದುಕೊಳ್ಳಿ. ದಿಲ್ಲಿಯಲ್ಲಿ ತುರ್ತುಪರಿಸ್ಥಿತಿ ಹೇರಿದ ವರ್ಷ ಸಂಗಪ್ಪನ ನೌಕರಿ ಮುಗಿಯಿತು. ಕೊರಳಿಗೆ ಹಾರ ಹಾಕಿದರು. ಕೋಣೆ ಖಾಲಿ ಮಾಡಲು ದಿನ ಕೊಟ್ಟರು. ಅದು ತಪ್ಪೇನಲ್ಲ, ಹೊಸಬನಿಗೆ ಜಾಗ ಬೇಕು. ಆ ಕೋಣೆ ಕೆಲಸಕ್ಕೆ ಕೊಟ್ಟದ್ದೇ ಹೊರತು ಮನುಷ್ಯನಿಗಲ್ಲ ಎಂದು ಎಲ್ಲರಿಗೂ ಮೊದಲಿನಿಂದ ಗೊತ್ತು. ಗೊತ್ತಿದ್ದರೆ ನೋವಾಗುವುದಿಲ್ಲವೇ? ಸಾವಿತ್ರೆವ್ವ ಕೂಸಿನ ಗುಂಡಿಯ ಮೇಲೆ ನೆಟ್ಟಿದ್ದ ಕಣಗಲ ಗಿಡಕ್ಕೆ ಒಂದು ಕೊಡ ನೀರು ಸುರಿದು, ತಾಯವ್ವನ ಕೊರಳಿಗೆ ಬಿದ್ದು ಅತ್ತು, ಗಾಡಿ ಹತ್ತಿದಳು.

ಹಳ್ಳಿಗೆ ಬಂದ ಮೇಲೆ ಸಂಗಪ್ಪ ದಿನಕ್ಕೆ ನಾಲ್ಕು ಸಲ ಜೋಡಿಯ ಸುದ್ದಿ ಎತ್ತುತ್ತಿದ್ದ. ಜೋಡಿ ಹೀಗೆ ಅಂದ, ಜೋಡಿ ಹಾಗೆ ಮಾಡಿದ. ಶೆಟ್ಟೆವ್ವ ಒಂದು ದಿನ ರೊಟ್ಟಿ ಬಡಿಯುತ್ತ, "ಯಕ್ಕಾ, ಈ ಜೋಡಿ ಅಂದ್ರ ಯಾರು?" ಎಂದು ಕೇಳಿದಾಗ ಸಾವಿತ್ರೆವ್ವ, "ಭರಮಪ್ಪ ಅಂತ, ಗ್ಯಾಂಗಿನ ಜೋಡಿ, ಮಗ್ಗಲ ಮನ್ಯಾಗ ಇದ್ದ," ಎಂದಳು. ಕೇರಿಯವನು ಎಂಬ ಇನ್ನೊಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಭರಮಪ್ಪ ಎಂಬ ಹೆಸರು ಎಲ್ಲ ಓಣಿಗಳಲ್ಲೂ ಇರುವಂಥದು. ಮನೆಯವರು ತಮಗೆ ತಿಳಿದ ಓಣಿಗೆ ಅವನನ್ನು ಸೇರಿಸಿಕೊಂಡರು.

ಉಸಿರಿನ ಕಾಯಿಲೆ ಸಂಗಪ್ಪನನ್ನು ಬೇಸಿಗೆಯಲ್ಲಿ ಹಿಡಿಯಿತು. ಬೈಲಹೊಂಗಲದ ಡಾಕ್ಟರು ನೋಡಿ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ಯಾರಿಗೆ ತಿಳಿಯುವುದಿಲ್ಲ? ಸಂಗಪ್ಪ ತಮ್ಮನನ್ನು ಹತ್ತಿರ ಕರೆದು, "ಸತ್ಯಪ್ಪಾ, ಜೋಡಿಗೆ ಹೇಳಿ ಕಳಸು. ನನ್ನ ಮ್ಯಾಲ ಮಣ್ಣ ಕುಟ್ಟೂದು ಅವನ ಪಾಳಿ. ಮಾತ ಕೊಟ್ಟಾನ," ಎಂದ.

ಸತ್ಯಪ್ಪನಿಗೆ ಅಣ್ಣನ ಮೇಲೆ ಜೀವ. ಯಾರ ಕೈಯಲ್ಲೋ ಹೇಳಿ ಕಳಿಸುವುದು ಬೇಡವೆಂದು ತಾನೇ ಬೈಲಹೊಂಗಲಕ್ಕೆ ಹೋಗಿ, ಅಲ್ಲಿಂದ ಧಾರವಾಡಕ್ಕೆ ಬಸ್ಸು ಹಿಡಿದು ಸ್ಟೇಷನ್ನಿಗೆ ನಡೆದು, ಗ್ಯಾಂಗಿನ ಗುರುತು ಹೇಳಿ ಗಾರ್ಡಿನ ಕಿವಿಗೆ ಸುದ್ದಿ ಹಾಕಿಬಂದ. ಅವನು ಹೊರಟಾಗ ಸಾವಿತ್ರೆವ್ವ ಹೊಸ್ತಿಲ ತನಕ ಬಂದಿದ್ದಳು. ಈಗ ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಇವನು ಹೋಗದೇ ಉಳಿದಾನು. ಹೇಳದಿದ್ದರೆ ಅವನು ಬಂದು ಈ ಬಾಗಿಲಲ್ಲಿ ನಿಂತಾನು. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ತೂಗುತ್ತಿರುವಾಗಲೇ ಮೈದುನ ಓಣಿಯ ತಿರುವು ದಾಟಿದ.

ಎರಡನೆಯ ದಿನ ಮಧ್ಯಾಹ್ನ ಭರಮಪ್ಪ ಬಂದ. ರೈಲಿನವರ ಖಾಕಿ ಅಂಗಿ, ತಲೆಗೆ ಟವೆಲು, ಹೆಗಲ ಮೇಲೆ ಗೋಣಿತಾಟು ಸುತ್ತಿದ ಉದ್ದನೆಯ ವಸ್ತು. ಅದನ್ನು ಓಣಿಯ ಬೇವಿನ ಮರಕ್ಕೆ ಒರಗಿಸಿ ಬರಿಗೈಯಲ್ಲಿ ಬಾಗಿಲಿಗೆ ಬಂದ. ಗೋಣಿಯ ಒಳಗೆ ಇರುವುದು ಬೀಟರ್ ಎಂದು ಸಾವಿತ್ರೆವ್ವನಿಗೆ ಒಳಗಿನಿಂದಲೇ ತಿಳಿಯಿತು. ಜೀವ ಇರುವವನ ಮನೆಗೆ ಅದನ್ನು ತರಲಾರದೆ ಅಷ್ಟು ದೂರ ಇಟ್ಟು ಬಂದಿದ್ದಾನಲ್ಲ ಎಂದು ಅವಳ ಕಣ್ಣು ತುಂಬಿತು.

"ಬರ್ರಿ ಬರ್ರಿ, ಒಳಗ ಬರ್ರಿ," ಸತ್ಯಪ್ಪ ಎದ್ದು ನಿಂತ. "ನಿಮ್ಮ ಹೆಸರ ಕೇಳಿ ಕೇಳಿ ನಮಗ ನೀವು ಮನಿ ಮಂದೀನ ಆಗೀರಿ. ಯಾವೂರ್ರಿ ತಮ್ಮದು?"

ಭರಮಪ್ಪ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತಿದ್ದ. "ಸಿರಸಂಗಿ ಕಡೇವ್ನರಿ."

"ಹೌದಾ? ಅಲ್ಲಿ ನಮ್ಮ ಬೀಗರದಾರ. ಯಾರ ಪೈಕಿ?"

ಸಾವಿತ್ರೆವ್ವ ನೀರಿನ ಚಂಬು ಹಿಡಿದುಕೊಂಡು ನಡುಮನೆಗೆ ಬಂದಿದ್ದಳು. ಮೊದಲು ನೀರು ಕುಡಿಯಿರಿ ಎಂದು ಒಂದು ಮಾತು ಅಡ್ಡ ಹಾಕಿದ್ದರೆ ಆ ಪ್ರಶ್ನೆ ಅಲ್ಲೇ ಬಿದ್ದುಹೋಗುತ್ತಿತ್ತೇನೋ. ಅವಳ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಭರಮಪ್ಪ ಅವಳ ಮುಖವನ್ನೊಮ್ಮೆ ನೋಡಿದ. ಅವಳು ಏನೂ ಹೇಳಿಲ್ಲವೆಂದು ಅವನಿಗೆ ಅರ್ಥವಾಯಿತು.

"ಕೇರ್ಯಾಗಿನವ್ನರಿ," ಎಂದ. "ಪರಪ್ಪನ ಮಗ."

ಶೆಟ್ಟೆವ್ವ ಬಂದು ಸಾವಿತ್ರೆವ್ವನ ಕೈಯಿಂದ ಚಂಬು ತೆಗೆದುಕೊಂಡು ಒಳಗೆ ಹೋದಳು. ಕಸಿದುಕೊಂಡಳು ಎನ್ನುವಂತಿಲ್ಲ, ಮೆಲ್ಲಗೆ ತೆಗೆದುಕೊಂಡಳು. ಸತ್ಯಪ್ಪ ನೆಲ ನೋಡುತ್ತ ಅತ್ತಿಗೆಗೆ, "ವೈನಿ, ಒಂದ ಮಾತ ಹೇಳಬೇಕಿತ್ತಲಾ ನಮಗ," ಎಂದ.

"ಅವರಿಗೇನೂ ಅನಬ್ಯಾಡ್ರಿ," ಎಂದ ಭರಮಪ್ಪ. "ಜೋಡಿ ಮಾರಿ ಒಂದ ನೋಡಿ ಹೋಗತೇನಿ."

"ನಂದೇನಿಲ್ಲೋ ತಮ್ಮಾ. ಊರ ಐತಿ. ನಾಳಿ ಐನೋರು ಈ ಮನಿಗೆ ಕಾಲಿಡಬೇಕು." ಬರ್ರಿ ಎಂದು ಕರೆದ ಬಾಯಿಗೆ ಇಷ್ಟು ಬೇಗ 'ತಮ್ಮಾ' ಬಂದದ್ದು ಸತ್ಯಪ್ಪನಿಗೇ ಮುಜುಗರವಾಗಿರಬೇಕು. "ಅಣ್ಣಗ ಈಗ ಉಸಿರು ಭಾಳ ಐತಿ, ಎತ್ತಾಕ ಬರೂದಿಲ್ಲ. ನಾಳಿ ಮುಂಜಾನಿ ಹೊರಸ ಸಮೇತ ಹೊರಗ ಕಟ್ಟಿಗೆ ತಂದ ಮಲಗಸ್ತೇವಿ. ಕಣ್ತುಂಬ ನೋಡ," ಎಂದ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಸದ್ದು ಬಂತು. ಟಕ್, ಟಕ್. ಹೊರಗೆ ಭರಮಪ್ಪ ಆಡಿದ ದನಿಯನ್ನು ಸಂಗಪ್ಪ ಗುರುತು ಹಿಡಿದಿದ್ದ.

ಭರಮಪ್ಪ ಆ ಕಡೆಗೆ ಕತ್ತು ಹೊರಳಿಸಿದ. "ಆ ಗೋಡಿ ಆಚೀಗೆ ಏನೈತ್ರಿ?"

"ದನ ಕಟ್ಟತೇವಿ."

"ಅಲ್ಲಿಗೆ ಹೋಗಬಹುದಲ್ರಿ?"

ಅದಕ್ಕೆ ಯಾರು ಬೇಡ ಎನ್ನಬೇಕು? ಸಗಣಿ ಬಳಿಯಲು ಕೇರಿಯವರು ದಿನಾ ಬರುವ ಜಾಗ. ಭರಮಪ್ಪ ಮನೆಯನ್ನು ಬಳಸಿಕೊಂಡು ಹಿತ್ತಲಿಗೆ ಹೋದ. ಸಾವಿತ್ರೆವ್ವ ಓಡಿ ಹೋಗಿ ಗಂಡನ ಪಕ್ಕ ಕುಳಿತಳು. ಕೊಟ್ಟಿಗೆಯಲ್ಲಿ ಎಮ್ಮೆ ಸರಿದ ಸದ್ದಾಯಿತು. ಆಮೇಲೆ ಗೋಡೆಯ ಆಚೆಯಿಂದ ಬಂತು, ಒಂದೇ ಸಲ. ಟಕ್.

ಸಂಗಪ್ಪನ ಮುಖ ಅರಳಿತು. ಎಷ್ಟು ದಿನವಾಗಿತ್ತೋ ಅವಳು ಆ ಮುಖ ನೋಡಿ. "ಬಂದಾ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಒಳಗ ಯಾಕ ಬರವಲ್ಲ?" ಎಂದು ಕೇಳಿದ.

"ದಣದಾನ್ರಿ. ನಾಳಿ ಬರತಾನ," ಎಂದಳು ಸಾವಿತ್ರೆವ್ವ. ಸಂಗಪ್ಪ ಈ ಮಣ್ಣಿನಲ್ಲೇ ಹುಟ್ಟಿದವನು. ಊರಿನ ಕಟ್ಟಳೆ ಅವನಿಗೆ ತಿಳಿಯದ್ದಲ್ಲ. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಆ ಮಧ್ಯಾಹ್ನವೆಲ್ಲ ಆಗಾಗ ಇತ್ತಿಂದ ಎರಡು, ಅತ್ತಿಂದ ಒಂದು. ಮನೆಯವರು ಕೇಳಿಯೂ ಕೇಳದವರಂತೆ ಓಡಾಡಿದರು.

ಸಂಜೆಗೆ ಸಾವಿತ್ರೆವ್ವ ಗಂಡನ ತಾಟಿನಲ್ಲೇ ಎರಡು ರೊಟ್ಟಿ, ಪುಂಡಿಪಲ್ಲೆ ಇಟ್ಟುಕೊಂಡು ಕೊಟ್ಟಿಗೆಗೆ ಹೋದಳು. ಶೆಟ್ಟೆವ್ವ ತಾಟನ್ನು ನೋಡಿ ಒಲೆಯ ಕಡೆ ತಿರುಗಿದಳು.

"ತಪ್ಪ ನಂದ ಭರಮಣ್ಣ. ಬಾಯಿ ಬರಲಿಲ್ಲ ನನಗ."

"ನೀ ಹೇಳಿದ್ದರ ನನ್ನ ಕರೀತಿದ್ದರೇನ ಯಕ್ಕಾ? ಚಲೋ ಆತು ಬಿಡ." ಅವನು ರೊಟ್ಟಿ ಮುರಿದ. "ಕಣಗಲ ಗಿಡ ಈ ಸಲ ಭಾಳ ಹೂ ಬಿಟ್ಟೈತಿ. ತಾಯವ್ವ ದಿನಾ ನೀರ ಹಾಕತಾಳ. ಬರೂ ವರ್ಷ ನಮಗೂ ಖೋಲಿ ಬಿಡ ಅಂತಾರ."

"ಆಮ್ಯಾಲ?"

"ಹೊಸಾ ಮಂದಿ ಬರತಾರ. ಹೇಳಿ ಹೋಗತೇನಿ ಅವರಿಗೆ." ಹೊಸಬರು ಯಾರದೋ ಕೂಸಿಗೆ ನೀರು ಹಾಕಲಿಕ್ಕಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಗಿನ ಜಾವ ಸಾವಿತ್ರೆವ್ವನಿಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ಇಲ್ಲದ್ದರಿಂದ. ಕೋಳಿ ಕೂಗಿತು. ಬೆಳಕಿಂಡಿಯಲ್ಲಿ ಸ್ವಲ್ಪ ಬಿಳುಪು ಬಂತು. ಗೋಡೆಯ ಆಚೆ ಅವನೂ ಕಾಯುತ್ತಿರಬೇಕು. ಬಹಳ ಹೊತ್ತಾದ ಮೇಲೆ ಆಚೆಯಿಂದಲೇ ಒಂದು ಸಲ ಬಂತು, ಹೆದರಿ ಹೆದರಿ ಬಡಿದಂತೆ. ಟಕ್. ಅವಳು ಎದ್ದು ಗಂಡನ ಕೈ ಮುಟ್ಟಿ ನೋಡಿದಳು. ಕೈ ತಲೆಯ ಹಿಂದಕ್ಕೆ ಅರ್ಧ ಹೋಗಿತ್ತು. ಗೋಡೆ ಇನ್ನೂ ಗೇಣು ದೂರವಿತ್ತು.

ಅವಳು ಅತ್ತ ದನಿ ಕೇಳಿ ಮೊದಲು ಅತ್ತದ್ದು ಕೊಟ್ಟಿಗೆಯಲ್ಲಿದ್ದವನು. ಆಮೇಲೆ ಮನೆಯವರು.

ಸತ್ಯಪ್ಪ ಮಾತಿಗೆ ತಪ್ಪುವವನಲ್ಲ. ಹೆಣವನ್ನು ಕಟ್ಟೆಯ ಮೇಲೆ ಕೂರಿಸಿದಾಗ ಭರಮಪ್ಪನಿಗೆ ಓಣಿಯ ಆಚೆ ಬದಿಯಿಂದ ನೋಡಲು ಜಾಗ ಬಿಡಿಸಿಕೊಟ್ಟ. ಕಣ್ತುಂಬ ನೋಡು ಎಂದಿದ್ದನಲ್ಲ, ನೋಡಿದ. ಆದರೆ ಹೊಲದಲ್ಲಿ ಕುಣಿ ತೋಡಿ, ಐನೋರು ಗಂಗಯ್ಯನವರು ವಿಭೂತಿ ಪತ್ರಿ ಇಟ್ಟು ಮಂತ್ರ ಹೇಳಿ ಮುಗಿಸಿದ ಮೇಲೆ, ಗೋಣಿ ಬಿಚ್ಚಿದ ಬೀಟರ್ ಹಿಡಿದು ಬೇಲಿಯ ಹತ್ತಿರ ಬಂದವನನ್ನು ಸತ್ಯಪ್ಪ ಕೈಯೆತ್ತಿ ತಡೆದ. "ಇವತ್ತ ಬ್ಯಾಡೋ. ಮಂದಿ ಐತಿ." ಜನ ಮಣ್ಣು ಎಳೆದರು, ಮೇಲೊಂದಿಷ್ಟು ಕಲ್ಲಿಟ್ಟರು, ಮಿಂದು ಮನೆಗೆ ಹೋದರು. ಭರಮಪ್ಪ ಬೇಲಿಯ ಆಚೆ ನಿಂತೇ ಇದ್ದನೆಂದು ಸಾವಿತ್ರೆವ್ವನಿಗೆ ಯಾರೋ ಹೇಳಿದರು.

ಆ ರಾತ್ರಿ ಗುಡುಗಿ ಬೇಸಿಗೆಯ ಒಂದು ಅಡ್ಡಮಳೆ ಸುರಿಯಿತು.

ಮೂರನೆಯ ದಿನ ಹಾಲು ತುಪ್ಪ ಬಿಡಲು ಸಾವಿತ್ರೆವ್ವ, ಶೆಟ್ಟೆವ್ವ, ಸತ್ಯಪ್ಪ, ಜೊತೆಗೆ ಓಣಿಯ ಒಂದಿಬ್ಬರು ಹೆಂಗಸರು ಹೊಲಕ್ಕೆ ಹೋದರು. ಮಣ್ಣು ಒಂದು ಬದಿಗೆ ಕುಸಿದು ಬಾಯಿ ಬಿಟ್ಟಿತ್ತು. ಸಾವಿತ್ರೆವ್ವ ಹಾಲಿನ ಗಿಂಡಿಯನ್ನು ನೆಲಕ್ಕಿಟ್ಟಳು. ಆಯುಷ್ಯವೆಲ್ಲ ಮಂದಿಯ ಗಾಡಿ ಕುಸಿಯದಂತೆ ನೋಡಿಕೊಂಡವನ ಮೇಲೆ ಇಂಥ ಮಣ್ಣೇ? ತಲೆಯೆತ್ತಿ ನೋಡಿದರೆ ಬೇಲಿಯ ಆಚೆ, ಊರ ಕೇರಿಯಲ್ಲಿ ಎರಡು ರಾತ್ರಿ ಕಳೆದ ಭರಮಪ್ಪ, ಬೀಟರನ್ನು ನೆಲಕ್ಕೂರಿ ನಿಂತಿದ್ದ.

"ಭರಮಣ್ಣ," ಎಂದು ಕೂಗಿದಳು. "ಈಚೆ ಬಾ."

"ವೈನಿ!" ಎಂದ ಸತ್ಯಪ್ಪ.

ಅವಳು ಮೈದುನನ ಕಡೆ ತಿರುಗಿದಳು. ಅವನ ಮನೆಯ ಅನ್ನ ಬಿಟ್ಟರೆ ತನಗೆ ಬೇರೆ ಅನ್ನವಿಲ್ಲ ಎಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಈ ಸಲ ಬಾಯಿ ಕಟ್ಟಲಿಲ್ಲ. "ಮನಿ ನಿಮ್ಮದು ಸತ್ಯಪ್ಪಾ. ಅಲ್ಲಿ ನೀವ ಹೇಳಿಧಾಂಗ ಕೇಳೇನಿ. ನಾಳಿ ಹೋಗ ಅಂದ್ರ ಹೋಗತೇನಿ. ಇದು ನನ್ನ ಗಂಡನ ಮ್ಯಾಲಿನ ಮಣ್ಣು. ಅಂವ ಕಟ್ಟಕಡೀಗೆ ಬೇಡಿದ್ದು ಇದೊಂದ."

ಸತ್ಯಪ್ಪ ಹೆಂಡತಿಯನ್ನು ನೋಡಿದ, ಓಣಿಯ ಹೆಂಗಸರನ್ನು ನೋಡಿದ. ಆಮೇಲೆ ಅವರತ್ತ ಬೆನ್ನು ತಿರುಗಿಸಿ ಬದುವಿನ ಮೇಲೆ ಕುಳಿತುಬಿಟ್ಟ. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಊರ ಕಡೆ ನಡೆದರು. ಶೆಟ್ಟೆವ್ವ ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ಭರಮಪ್ಪ ಬೇಲಿ ದಾಟಿ ಬಂದು ಬಲಗಡೆ ನಿಂತ. ಕುಸಿದಲ್ಲಿ ಮಣ್ಣು ತುಂಬಿದ. ಬೀಟರ್ ಎತ್ತಿದವನು ಹಾಗೇ ತಡೆದು ಎದುರಿನ ಖಾಲಿ ಜಾಗವನ್ನು ನೋಡಿದ. "ಒಬ್ಬನ ಕುಟ್ಟಿದರ ಆಗೂದಿಲ್ಲ ಯಕ್ಕಾ," ಎಂದ, ಚಿಕ್ಕ ಹುಡುಗನ ಹಾಗೆ.

ಕುಣಿ ತೋಡಿದ ಹಾರೆ ಅಲ್ಲೇ ಕಲ್ಲುಗಳ ಪಕ್ಕ ಬಿದ್ದಿತ್ತು. ಸಾವಿತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದನ್ನು ಎತ್ತಿಕೊಂಡಳು. ಮೊಂಡು ತುದಿ ಕೆಳಗೆ ಮಾಡಿ ಎಡಗಡೆ, ಗಂಡ ನಿಲ್ಲುತ್ತಿದ್ದ ಬದಿಯಲ್ಲಿ, ನಿಂತಳು. ಹಳಿಯ ಮಗ್ಗುಲಲ್ಲಿ ಬುತ್ತಿ ಇಟ್ಟುಕೊಂಡು ಕುಳಿತು ಎಷ್ಟು ವರ್ಷ ನೋಡಿದ್ದಳೋ, ಕೈಗೆ ಲಯ ತಾನಾಗಿ ಬಂತು. ಅವನು ಒಂದು, ಅವಳು ಒಂದು. ಹಸಿ ಮಣ್ಣು ಮೊದಲು ಮೆತ್ತಗೆ ಸದ್ದು ಮಾಡಿತು, ಬರಬರುತ್ತ ಸದ್ದು ಗಡುಸಾಯಿತು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ಹೊತ್ತು ನೆತ್ತಿಯ ಕಡೆ ಏರಿತು.

ಮಣ್ಣು ಗೋಡೆಯ ಕಲ್ಲಿನ ಹಾಗೆ ಗಟ್ಟಿಯಾದ ಮೇಲೂ ಭರಮಪ್ಪ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಕುಟ್ಟುತ್ತಲೇ ಇದ್ದ. ಬೆವರೋ ಕಣ್ಣೀರೋ, ಗದ್ದದಿಂದ ತೊಟ್ಟಿಕ್ಕುತ್ತಿತ್ತು. "ಸಾಕಲ್ಲೊ ತಮ್ಮಾ," ಎಂದ ಸತ್ಯಪ್ಪ, ಯಾವಾಗಲೋ ಎದ್ದು ಬಂದು ನಿಂತಿದ್ದವನು. ಭರಮಪ್ಪನಿಗೆ ಅದು ಕೇಳಿಸಲೇ ಇಲ್ಲ.

ಅವನು ಯಾಕೆ ನಿಲ್ಲಿಸುತ್ತಿಲ್ಲವೆಂದು ಆಗ ಸಾವಿತ್ರೆವ್ವನಿಗೆ ಹೊಳೆಯಿತು. ಹೇಳಬೇಕಾದವನು ಮಣ್ಣಿನ ಕೆಳಗಿದ್ದ. ಆ ಮಾತನ್ನು ಈಗ ಹೇಳಬೇಕಾದವಳು ತಾನು. ಹೇಳಿದರೆ ಅವನ ಕೈ ನಿಲ್ಲುತ್ತದೆ. ಗಂಡನಿಗಾಗಿ ಮಾಡುವ ಕೆಲಸವೆಂಬುದು ಈ ಲೋಕದಲ್ಲಿ ಅಲ್ಲಿಗೆ ಮುಗಿಯುತ್ತದೆ. ಅವಳು ಬೇಕಂತಲೇ ಇನ್ನೊಂದಿಷ್ಟು ಹೊತ್ತು ಕುಟ್ಟಿದಳು. ಇನ್ನೊಂದು, ಇನ್ನೊಂದು. ಭರಮಪ್ಪನ ಮೊಣಕಾಲು ಬಾಗುವುದನ್ನು ಕಂಡ ಮೇಲೆ ಹಾರೆಯನ್ನು ನೆಲಕ್ಕೆ ಊರಿದಳು.

"ಆತು ಜೋಡಿ," ಎಂದಳು.

ಮೇಲೆ ಹೋಗಿದ್ದ ಬೀಟರ್ ಮೆಲ್ಲಗೆ ಕೆಳಗಿಳಿಯಿತು. ಭರಮಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಸಿದು ಕುಳಿತ. ಟವೆಲಿನಿಂದ ಮುಖ ಒರೆಸಿಕೊಂಡು, "ಗಟ್ಟಿ ಆಗೈತೇನ ಯಕ್ಕಾ, ಬಡದ ನೋಡ," ಎಂದ.

ಸಾವಿತ್ರೆವ್ವ ಮಣ್ಣಿನ ಮೇಲೆ ಬಾಗಿ, ಗೆಣ್ಣಿನಿಂದ ಎರಡು ಸಲ ಬಡಿದಳು. ಎಲ್ಲೂ ಪೊಳ್ಳು ಇರಲಿಲ್ಲ. ಆದರೂ ಅವರಿಬ್ಬರೂ ಏಳಲಿಲ್ಲ. ಕಿವಿಗೊಟ್ಟು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದರು.